ಲಂಡನ್ನಿನ ದೊಡ್ಡ ಹೋಟೆಲಲ್ಲಿ ‘ಆಫ್ಟರ್‌ನೂನ್ ಟೀ’: ಏನಿರುತ್ತೆ, ಎಷ್ಟಾಗುತ್ತೆ, ಹೋಗೋ ಮುಂಚೆ ಏನು ಗೊತ್ತಿರಬೇಕು?

ಓದಲು, ಕೆಲಸಕ್ಕೆ ಅಂತ ಮಕ್ಕಳು ಇಂಗ್ಲೆಂಡಿಗೆ ಹೋಗಿರುವ ಮನೆಗಳು ಈಗ ತಾಲೂಕು ಕೇಂದ್ರಗಳಲ್ಲೂ ಇವೆ. ಅಪ್ಪ-ಅಮ್ಮ ಅವರನ್ನು ನೋಡಲು ಹೋದಾಗ ಮಕ್ಕಳು ತೋರಿಸೋ ಜಾಗಗಳ ಪಟ್ಟಿಯಲ್ಲಿ ಅರಮನೆ, ಗಡಿಯಾರ ಗೋಪುರ, ಥೇಮ್ಸ್ ನದಿ ದಂಡೆಯ ಬಸವಣ್ಣನ ಪ್ರತಿಮೆ ಇದ್ದೇ ಇರುತ್ತೆ. ಅದರ ಜೊತೆ ಒಂದು ದಿನ “ಆಫ್ಟರ್‌ನೂನ್ ಟೀಗೆ ಕರ್ಕೊಂಡು ಹೋಗ್ತೀವಿ” ಅಂತಾನೂ ಹೇಳ್ತಾರೆ. ಟೀ ತಾನೆ ಅಂದುಕೊಂಡು ಹೋಗಿ ಕೂತವರಿಗೆ ಬಿಲ್ ನೋಡಿದಾಗ ಎದೆ ಧಸಕ್ ಅನ್ನುತ್ತೆ. ಸಸ್ಯಾಹಾರಿಗಳಿಗೆ ತಟ್ಟೆಯಲ್ಲಿರೋದರಲ್ಲಿ ಯಾವುದು ತಿನ್ನಬಹುದು, ಯಾವುದು ಬೇಡ ಅನ್ನೋದೇ ಗೊತ್ತಾಗಲ್ಲ.

ಅದಕ್ಕೇ ಈ ಲೇಖನ. ಈ ಪದ್ಧತಿ ಎಲ್ಲಿಂದ ಬಂತು, ಮೇಜಿನ ಮೇಲೆ ಏನೇನು ಬರುತ್ತೆ, ಖರ್ಚು ಎಷ್ಟು, ಬುಕ್ ಮಾಡುವಾಗ ಏನು ಹೇಳಬೇಕು, ಕೂತಾಗ ಹೇಗಿರಬೇಕು, ಕಡಿಮೆ ದುಡ್ಡಲ್ಲಿ ಬೇರೆ ದಾರಿ ಇದೆಯಾ ಅನ್ನೋದನ್ನೆಲ್ಲ ಒಂದೇ ಕಡೆ ಕೊಟ್ಟಿದ್ದೇವೆ. ಹೋಟೆಲ್, ಬೇಕರಿ ನಡೆಸುವವರಿಗೆ ಇದರಲ್ಲಿ ವ್ಯಾಪಾರದ ಲೆಕ್ಕವೂ ಇದೆ. ಅದನ್ನು ಕೊನೆಯ ಭಾಗದಲ್ಲಿ ನೋಡಿ.

ಏನಿದು ಆಫ್ಟರ್‌ನೂನ್ ಟೀ?

ಹೆಸರಲ್ಲಿ ಟೀ ಇದ್ದರೂ ಇದು ಬರೀ ಟೀ ಅಲ್ಲ. ಮಧ್ಯಾಹ್ನದ ಊಟ ಮತ್ತು ರಾತ್ರಿ ಊಟದ ನಡುವೆ, ಸಾಮಾನ್ಯವಾಗಿ 3ರಿಂದ 5 ಗಂಟೆ ಹೊತ್ತಿಗೆ, ಕೂತು ನಿಧಾನಕ್ಕೆ ತಿನ್ನುವ ತಿಂಡಿ ಮತ್ತು ಚಹಾದ ಉಪಚಾರ. ದೊಡ್ಡ ಹೋಟೆಲುಗಳಲ್ಲಿ ಒಂದೂವರೆಯಿಂದ ಎರಡು ಗಂಟೆ ಕೂರಿಸುತ್ತಾರೆ. ಹೊಟ್ಟೆ ತುಂಬುವಷ್ಟೇ ಇರುತ್ತೆ. ಆವತ್ತು ಮಧ್ಯಾಹ್ನದ ಊಟ ಮಾಡಿ ಹೋದರೆ ದುಡ್ಡು ದಂಡ.

ಇದರಲ್ಲಿ ಮೂರು ಭಾಗ. ಮೂರು ಅಂತಸ್ತಿನ ಒಂದು ಸ್ಟ್ಯಾಂಡಿನಲ್ಲಿ ಜೋಡಿಸಿ ತರುವುದು ವಾಡಿಕೆ.

ಮೊದಲನೆಯದು ಸ್ಯಾಂಡ್‌ವಿಚ್. ಅಂಚು ಕತ್ತರಿಸಿದ ತೆಳು ಬ್ರೆಡ್ಡಿನ ಉದ್ದುದ್ದ ತುಂಡುಗಳು. ಒಳಗೆ ಸೌತೆಕಾಯಿ, ಮೊಟ್ಟೆ, ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು, ಹಂದಿ ಮಾಂಸ, ಕೋಳಿ ಹೀಗೆ ಬೇರೆ ಬೇರೆ. ‘ಕೊರೊನೇಷನ್ ಚಿಕನ್’ ಅಂತ ಒಂದು ಇರುತ್ತೆ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಔತಣಕ್ಕೆ ಮಾಡಿದ್ದು. ಅದರಲ್ಲಿ ಕರಿ ಪುಡಿ ಇರುವುದರಿಂದ ನಮಗೆ ಸ್ವಲ್ಪ ಪರಿಚಯದ ವಾಸನೆ ಬರುತ್ತೆ.

ಎರಡನೆಯದು ಸ್ಕಾನ್. ಕೆಲವರು ಸ್ಕೋನ್ ಅಂತಾರೆ. ಎರಡೂ ನಡೆಯುತ್ತೆ. ಮೈದಾ, ಬೆಣ್ಣೆ, ಹಾಲು ಸೇರಿಸಿ ಸುಟ್ಟ ದಪ್ಪ ಬಿಸ್ಕತ್ತಿನಂಥ ಬನ್ನು ಅನ್ನಬಹುದು. ನಮ್ಮ ಬೇಕರಿ ಬನ್ನಿನಷ್ಟು ಮೆತ್ತಗಿಲ್ಲ, ಸಿಹಿಯೂ ಕಮ್ಮಿ. ಬಿಸಿಬಿಸಿ ತರುತ್ತಾರೆ. ಅದಕ್ಕೆ ಜಾಮ್ ಮತ್ತು ‘ಕ್ಲಾಟೆಡ್ ಕ್ರೀಮ್’ ಹಚ್ಚಿ ತಿನ್ನಬೇಕು. ಈ ಕ್ರೀಮ್ ನಮಗೇನೂ ಹೊಸದಲ್ಲ. ಕೆನೆ ತುಂಬಿದ ಹಾಲನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ಆರಲು ಬಿಟ್ಟು, ಮೇಲೆ ಗಟ್ಟಿಯಾಗಿ ಕಟ್ಟಿದ ಕೆನೆಯನ್ನು ತೆಗೆಯುವುದು. ಅಜ್ಜಿಯರು ಬೆಣ್ಣೆಗೆ ಅಂತ ಕೂಡಿಡುತ್ತಿದ್ದ ಕೆನೆಯ ಹತ್ತಿರದ ನೆಂಟ. ಇಂಗ್ಲೆಂಡಿನ ಪಶ್ಚಿಮ ಮೂಲೆಯ ಕಾರ್ನ್‌ವಾಲ್ ಸೀಮೆಯ ಈ ಕೆನೆಗೆ 1998ರಲ್ಲಿ ಯುರೋಪಿನ ಮೂಲಸ್ಥಾನ ರಕ್ಷಣೆ ಸಿಕ್ಕಿದೆ. ನಮ್ಮ ಮೈಸೂರು ವೀಳ್ಯದೆಲೆಗೆ ಜಿಐ ಟ್ಯಾಗ್ ಇರುವ ಹಾಗೆ. ಅದರಲ್ಲಿ ಕೊಬ್ಬಿನಂಶ ಕನಿಷ್ಠ ಶೇ. 55 ಇರಲೇಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರು ಇದನ್ನು ನೋಡಿಕೊಂಡು ತಿನ್ನಬೇಕು.

ಮೂರನೆಯದು ಕೇಕ್ ಮತ್ತು ಸಿಹಿ. ಸಣ್ಣ ಸಣ್ಣ ಕೇಕು, ಹಣ್ಣಿನ ಟಾರ್ಟ್, ಮೂಸ್, ಚಾಕೊಲೇಟ್. ಹೋಟೆಲಿನ ಬಾಣಸಿಗರು ತಮ್ಮ ಕೈಚಳಕ ತೋರಿಸುವುದು ಇಲ್ಲೇ.

ತಿನ್ನುವ ಕ್ರಮವೂ ಹೀಗೇ. ಮೊದಲು ಖಾರ-ಉಪ್ಪಿನದು, ಆಮೇಲೆ ಸ್ಕಾನ್, ಕೊನೆಗೆ ಸಿಹಿ.

‘ಹೈ ಟೀ’ ಬೇರೆ, ಇದು ಬೇರೆ

ನಮ್ಮಲ್ಲಿ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ “4 ಗಂಟೆಗೆ ಹೈ ಟೀ” ಅಂತ ಹಾಕುವುದುಂಟು. ಭಾರತದ ದೊಡ್ಡ ಹೋಟೆಲುಗಳೂ ಇದೇ ಹೆಸರು ಬಳಸುತ್ತವೆ. ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ‘ಸೀ ಲೌಂಜ್’ನಲ್ಲಿ ಸ್ಯಾಂಡ್‌ವಿಚ್, ಕೇಕಿನ ಜೊತೆಗೆ ಸೇವ್ ಪುರಿಯಂಥ ಮುಂಬೈ ತಿಂಡಿಯನ್ನೂ ಸೇರಿಸಿ ಹೈ ಟೀ ಕೊಡುತ್ತಾರೆ.

ಆದರೆ ಇಂಗ್ಲೆಂಡಿನಲ್ಲಿ ಹೈ ಟೀ ಅಂದ್ರೆ ಶ್ರೀಮಂತರದ್ದಲ್ಲ. ಕಾರ್ಖಾನೆ, ಗಣಿ ಕೆಲಸ ಮುಗಿಸಿ ಸಂಜೆ ಮನೆಗೆ ಬಂದವರು ಊಟದ ಮೇಜಿನಲ್ಲಿ ಕೂತು ಬಿಸಿ ಅಡುಗೆ, ಬ್ರೆಡ್ಡು, ಮಾಂಸದ ಜೊತೆ ಚಹಾ ಕುಡಿಯುತ್ತಿದ್ದ ಊಟ ಅದು. ಉತ್ತರ ಇಂಗ್ಲೆಂಡಿನಲ್ಲಿ ಇವತ್ತಿಗೂ ಸಂಜೆಯ ಊಟಕ್ಕೇ ‘ಟೀ’ ಅನ್ನುವವರಿದ್ದಾರೆ. ಯಾರಾದರೂ “ಟೀಗೆ ಬನ್ನಿ” ಅಂತ ಕರೆದರೆ ಊಟಕ್ಕೆ ಕರೆದಿರಬಹುದು, ಕೇಳಿಕೊಳ್ಳಿ. ಲಂಡನ್ ಹೋಟೆಲಿನಲ್ಲಿ ಬುಕ್ ಮಾಡುವಾಗ ‘ಆಫ್ಟರ್‌ನೂನ್ ಟೀ’ ಅಂತಲೇ ಹೇಳಿ.

ಶುರುವಾಗಿದ್ದು ಹೇಗೆ?

ಚಹಾ ಮೊದಲು ಇಂಗ್ಲೆಂಡಿಗೆ ಬಂದಿದ್ದು ಚೀನಾದಿಂದ. 1662ರಲ್ಲಿ ರಾಜ ಎರಡನೇ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನ್‌ಳನ್ನು ಮದುವೆಯಾದ. ಬಾಂಬೆ ಬ್ರಿಟಿಷರಿಗೆ ವರದಕ್ಷಿಣೆಯಾಗಿ ಸಿಕ್ಕಿದ್ದು ಇದೇ ಮದುವೆಯಲ್ಲಿ. ಅರಮನೆಯಲ್ಲಿ ಚಹಾ ಕುಡಿಯುವ ರೂಢಿ ಬೆಳೆಯಲು ಈ ರಾಣಿಯೇ ಕಾರಣ ಅಂತಾರೆ.

ಆಗ ಚಹಾ ಸೊಪ್ಪು ಭಾರಿ ದುಬಾರಿ. ಮನೆಯ ಯಜಮಾನಿ ಅದನ್ನು ಬೀಗ ಹಾಕುವ ಸಣ್ಣ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ತೆರಿಗೆ ಎಷ್ಟಿತ್ತೆಂದರೆ ಕಳ್ಳಸಾಗಣೆಯದ್ದೇ ದೊಡ್ಡ ದಂಧೆ. 1784ರಲ್ಲಿ ಸರ್ಕಾರ ಶೇ. 119 ಇದ್ದ ತೆರಿಗೆಯನ್ನು ಶೇ. 12.5ಕ್ಕೆ ಇಳಿಸಿತು. ಕಳ್ಳದಂಧೆ ನೆಲಕಚ್ಚಿತು, ಚಹಾ ಸಾಮಾನ್ಯರ ಮನೆಗೂ ಬಂತು.

ಆಫ್ಟರ್‌ನೂನ್ ಟೀ ಹುಟ್ಟಿದ ಕತೆ ಸುಮಾರು 1840ರದ್ದು. ಬೆಡ್‌ಫರ್ಡ್‌ನ ಏಳನೇ ಡಚೆಸ್ ಅನ್ನಾ ಮರಿಯಾ ಎಂಬ ಜಮೀನ್ದಾರಿ ಮನೆತನದ ಹೆಂಗಸು, ವಿಕ್ಟೋರಿಯಾ ರಾಣಿಯ ಸಖಿಯೂ ಆಗಿದ್ದವಳು. ಆ ಕಾಲಕ್ಕೆ ದೊಡ್ಡ ಮನೆಗಳಲ್ಲಿ ರಾತ್ರಿ ಊಟ 8 ಗಂಟೆವರೆಗೂ ತಡವಾಗತೊಡಗಿತ್ತು. ಮಧ್ಯಾಹ್ನದ ತಿಂಡಿ ಅಲ್ಪ. ನಡುವೆ ಹಸಿವು ತಡೆಯಲಾರದೆ ಆಕೆ ಕೋಣೆಗೆ ಚಹಾ, ಬ್ರೆಡ್ಡು, ಬೆಣ್ಣೆ, ಕೇಕು ತರಿಸಿಕೊಳ್ಳತೊಡಗಿದಳು. ಆಮೇಲೆ ಗೆಳತಿಯರನ್ನೂ ಕರೆದಳು. ಅದೇ ಫ್ಯಾಶನ್ ಆಯಿತು. ಚಹಾದ ಜೊತೆ ತಿಂಡಿ ತಿನ್ನೋದು ಅದಕ್ಕೂ ಮುಂಚೆ ಇತ್ತು. ಆದರೆ ಅದನ್ನೊಂದು ಹೊತ್ತಿನ ಉಪಚಾರ ಮಾಡಿದ ಹೆಸರು ಈಕೆಗೇ ಬಂದಿದೆ.

ಹೋಟೆಲುಗಳಿಗೆ ಬಂದಿದ್ದು ಆಮೇಲೆ. ಲಂಡನ್ನಿನ ಲ್ಯಾಂಗಮ್ ಹೋಟೆಲ್ ಶುರುವಾಗಿದ್ದು 1865ರಲ್ಲಿ. ದೊಡ್ಡ ಹೋಟೆಲುಗಳಲ್ಲಿ ಆಫ್ಟರ್‌ನೂನ್ ಟೀ ಮೊದಲು ಕೊಟ್ಟಿದ್ದು ತಾವೇ ಅಂತ ಅವರು ಹೇಳಿಕೊಳ್ಳುತ್ತಾರೆ. ಸವಾಯ್ ಹೋಟೆಲ್ 1889ರದ್ದು. ಸ್ವಿಟ್ಜರ್ಲೆಂಡಿನ ಸೀಸರ್ ರಿಟ್ಜ್ ಕಟ್ಟಿಸಿದ ರಿಟ್ಜ್ ಹೋಟೆಲ್ 1906ರದ್ದು. ಅದರ ‘ಪಾಮ್ ಕೋರ್ಟ್’ ಎಂಬ ಹಾಲ್ ಇವತ್ತಿಗೂ ಈ ಟೀಗೆ ಎಲ್ಲಕ್ಕಿಂತ ಹೆಸರುವಾಸಿ.

ಆ ಕಪ್ಪಿನಲ್ಲಿ ನಮ್ಮ ದೇಶವೂ ಇದೆ

ಬ್ರಿಟಿಷರು ಚೀನಾಕ್ಕೆ ಬೆಳ್ಳಿ ಕೊಟ್ಟು ಚಹಾ ತರುತ್ತಿದ್ದರು. ಬೆಳ್ಳಿ ಖಾಲಿಯಾಗುತ್ತೆ ಅಂತ ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿದರು. 1839ರಲ್ಲಿ ಅದು ಯುದ್ಧಕ್ಕೇ ತಿರುಗಿತು. ಅಷ್ಟರಲ್ಲಿ ಅಸ್ಸಾಮಿನಲ್ಲಿ ಚಹಾ ಗಿಡ ಇರುವುದು ಅವರಿಗೆ ಗೊತ್ತಾಗಿತ್ತು. ಅಲ್ಲಿನ ಸಿಂಗ್ಫೋ ಜನ ಅದನ್ನು ಮೊದಲಿಂದಲೂ ಬಳಸುತ್ತಿದ್ದರು. 1839ರ ಜನವರಿ 10ರಂದು ಅಸ್ಸಾಮ್ ಚಹಾದ 8 ಪೆಟ್ಟಿಗೆ ಲಂಡನ್ನಿನಲ್ಲಿ ಹರಾಜಾಯಿತು. ಮುಂದೆ ತೋಟಗಳು ಬೆಳೆದವು. ದೂರದೂರದಿಂದ ಬಡವರನ್ನು ಕರಾರಿನ ಮೇಲೆ ಕರೆತಂದು ಕಷ್ಟದ ಸ್ಥಿತಿಯಲ್ಲಿ ದುಡಿಸಿದರು. ಡಚೆಸ್ ಮನೆಯ ಮೇಜಿನಿಂದ ಕೂಲಿಯವರ ಮನೆವರೆಗೆ ಚಹಾ ಅಗ್ಗವಾಗಿ ಹರಡಿದ್ದರ ಹಿಂದೆ ಈ ದುಡಿಮೆ ಇದೆ. ಲಂಡನ್ನಿನ ಚಹಾ ಹರಾಜು 1998ರ ಜೂನ್ 29ರಂದು ನಿಂತುಹೋಯಿತು.

ಈಗಲೂ ಈ ಹೋಟೆಲುಗಳ ಪಟ್ಟಿಯಲ್ಲಿ ಅಸ್ಸಾಮ್, ಡಾರ್ಜಿಲಿಂಗ್ ಹೆಸರು ಇದ್ದೇ ಇರುತ್ತೆ. ನಮ್ಮ ಕರ್ನಾಟಕದ್ದು ಕಾಫಿ ಸೀಮೆ. ಟೀ ಬೇಡ ಅನ್ನುವವರು ಕಾಫಿ ಕೇಳಬಹುದು, ಸಾಮಾನ್ಯವಾಗಿ ಅದೇ ದರದಲ್ಲಿ ಕೊಡುತ್ತಾರೆ. ಆದರೆ ನಮ್ಮ ಡಿಕಾಕ್ಷನ್ ಕಾಫಿ ನಿರೀಕ್ಷಿಸಬೇಡಿ.

ಖರ್ಚು ಎಷ್ಟು?

ಇದೇ ಮುಖ್ಯ ಪ್ರಶ್ನೆ. ರಿಟ್ಜ್, ಕ್ಲಾರಿಜಸ್, ಸವಾಯ್‌ನಂಥ ಮೊದಲ ಸಾಲಿನ ಹೋಟೆಲಲ್ಲಿ ತಲೆಗೆ ಸುಮಾರು 70ರಿಂದ 90 ಪೌಂಡ್ ಅಥವಾ ಅದಕ್ಕೂ ಮೇಲೆ. ಶಾಂಪೇನ್ ಸೇರಿಸಿದರೆ ಇನ್ನೂ ಜಾಸ್ತಿ. ದರ ವರ್ಷಕ್ಕೊಮ್ಮೆ ಏರುತ್ತಲೇ ಇರುತ್ತೆ. ಬುಕ್ ಮಾಡುವ ದಿನ ಹೋಟೆಲಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳುವುದೇ ಸರಿ.

ಒಂದು ಉದಾಹರಣೆ ಲೆಕ್ಕ ನೋಡಿ. ಅಪ್ಪ, ಅಮ್ಮ, ಮಗ, ಸೊಸೆ ನಾಲ್ಕು ಜನ. ತಲೆಗೆ 80 ಪೌಂಡ್ ಅಂದ್ರೆ 320 ಪೌಂಡ್. ಲಂಡನ್ನಿನಲ್ಲಿ ಬಿಲ್ಲಿಗೆ ಶೇ. 12.5 ಸರ್ವಿಸ್ ಚಾರ್ಜ್ ಸೇರಿಸುವುದು ಮಾಮೂಲಿ. ಅದು 40 ಪೌಂಡ್. ಒಟ್ಟು 360 ಪೌಂಡ್. ಪೌಂಡಿಗೆ 110 ರೂಪಾಯಿ ಹಿಡಿದರೆ 39,600 ರೂಪಾಯಿ.

ಇಲ್ಲಿ ಕೆಲವು ವಿಷಯ ಗೊತ್ತಿರಲಿ.

• ಬೈಟು ನಡೆಯಲ್ಲ. ಕೂತವರಿಗೆಲ್ಲ ತಲೆ ಲೆಕ್ಕ. ಒಬ್ಬರಿಗೆ ಹೇಳಿ ಇಬ್ಬರು ಹಂಚಿಕೊಳ್ಳುವುದಕ್ಕೆ ದೊಡ್ಡ ಹೋಟೆಲಲ್ಲಿ ಸಾಮಾನ್ಯವಾಗಿ ಒಪ್ಪಲ್ಲ.

• ಅದರ ಬದಲು ಬಹಳಷ್ಟು ಕಡೆ ಟೀ ಎಷ್ಟು ಸಲ ಬೇಕಾದರೂ ಕೇಳಬಹುದು. ಸ್ಯಾಂಡ್‌ವಿಚ್ ಖಾಲಿಯಾದರೆ ಮತ್ತೆ ತಂದುಕೊಡುವ ಹೋಟೆಲುಗಳೂ ಇವೆ. ಉಳಿದ ಕೇಕನ್ನು ಡಬ್ಬಿಯಲ್ಲಿ ಹಾಕಿಕೊಡಿ ಅಂತ ಕೇಳೋಕೆ ನಾಚಿಕೊಳ್ಳಬೇಡಿ, ಅಲ್ಲಿ ಅದು ಮಾಮೂಲಿ.

• ಮೆನುವಿನಲ್ಲಿ ಹಾಕಿರುವ ದರದಲ್ಲೇ ಅಲ್ಲಿನ ತೆರಿಗೆ ಸೇರಿರುತ್ತೆ. ನಮ್ಮಲ್ಲಿ ಜಿಎಸ್‌ಟಿ ಮೇಲೆ ಹಾಕುವ ಹಾಗೆ ಬಿಲ್ಲಿನ ಕೊನೆಗೆ ಸೇರಿಸಲ್ಲ.

• ಸರ್ವಿಸ್ ಚಾರ್ಜ್ ಮುಂದೆ ‘ಡಿಸ್ಕ್ರೀಷನರಿ’ ಅಂತ ಇದ್ದರೆ ಅದು ಕಡ್ಡಾಯವಲ್ಲ. ಸೇವೆ ಸರಿಯಿಲ್ಲದಿದ್ದರೆ ತೆಗೆಯಿರಿ ಅನ್ನಬಹುದು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಜಾರಿಗೆ ಬಂದ ಕಾನೂನಿನಂತೆ ಈ ಹಣವನ್ನೆಲ್ಲ ಮಾಲೀಕರು ಕೆಲಸಗಾರರಿಗೇ ಕೊಡಬೇಕು. ಇದನ್ನು ಕೊಟ್ಟ ಮೇಲೆ ಬೇರೆ ಟಿಪ್ಸ್ ಇಡಬೇಕಾದ್ದಿಲ್ಲ.

• ನೀರು ಕೇಳಿದರೆ ಬಾಟಲಿ ತರಬಹುದು, ಅದಕ್ಕೆ ದುಡ್ಡು. ‘ಟ್ಯಾಪ್ ವಾಟರ್’ ಅಂತ ಕೇಳಿ. ಇಂಗ್ಲೆಂಡಿನಲ್ಲಿ ಮದ್ಯದ ಲೈಸನ್ಸ್ ಇರುವ ಹೋಟೆಲುಗಳು ಕುಡಿಯುವ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು.

• ಮಕ್ಕಳಿಗೆ ಕಮ್ಮಿ ದರದ ಪ್ರತ್ಯೇಕ ಮೆನು ಬಹಳ ಕಡೆ ಇದೆ. ಕೇಳಿದರೆ ಹೇಳುತ್ತಾರೆ.

ಸಸ್ಯಾಹಾರಿಗಳು ಇದನ್ನು ತಪ್ಪದೆ ಓದಿ

ಎಡವುವುದು ಇಲ್ಲೇ ಹೆಚ್ಚು. ಅಲ್ಲಿ ‘ವೆಜಿಟೇರಿಯನ್’ ಅಂದ್ರೆ ಮೀನು-ಮಾಂಸ ಇಲ್ಲ ಅಂತ ಅಷ್ಟೇ. ಮೊಟ್ಟೆ ಇದ್ದೇ ಇರುತ್ತೆ. ಸಸ್ಯಾಹಾರಿ ತಟ್ಟೆಯಲ್ಲೇ ಮೊಟ್ಟೆ ಸ್ಯಾಂಡ್‌ವಿಚ್ ಬರುತ್ತೆ. ಕೇಕಿನಲ್ಲಿ ಮೊಟ್ಟೆ, ಸ್ಕಾನ್ ಮೇಲೆ ಹೊಳಪಿಗೆ ಸವರುವುದೂ ಬಹಳ ಸಲ ಮೊಟ್ಟೆಯೇ. ಮೇಯನೇಸ್‌ನಲ್ಲೂ ಮೊಟ್ಟೆ.

ಇನ್ನೊಂದು ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು ಪದಾರ್ಥ. ಮೂಸ್, ಜೆಲ್ಲಿ, ಮಾರ್ಷ್‌ಮ್ಯಾಲೋ, ಕೇಕಿನ ಮೇಲಿನ ಹೊಳಪಿನ ಲೇಪನದಲ್ಲಿ ಇರಬಹುದು. ನೋಡಿದರೆ ಗೊತ್ತಾಗಲ್ಲ. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರುತ್ತಾರೆ. ಕೆಲವು ಸಿಹಿಯಲ್ಲಿ ಮದ್ಯ ಹಾಕಿರುತ್ತಾರೆ.

ಹಾಗಾದರೆ ಏನು ಮಾಡಬೇಕು? ಹೋಗಿ ಕೂತ ಮೇಲೆ ಹೇಳಿದರೆ ಅಡುಗೆಮನೆಯಲ್ಲಿ ಬದಲಿ ತಯಾರಿ ಇರಲ್ಲ. ಬುಕ್ ಮಾಡುವಾಗಲೇ ಬರೆಯಬೇಕು. “ಇಷ್ಟು ಜನ ಸಸ್ಯಾಹಾರಿ, ಮೊಟ್ಟೆ ಬೇಡ, ಜೆಲಟಿನ್ ಬೇಡ, ಮದ್ಯ ಬೇಡ” ಅಂತ ಬಿಡಿಸಿ ಹೇಳಬೇಕು. ನಮ್ಮ ‘ಎಗ್‌ಲೆಸ್’ ಅನ್ನುವ ಮಾತು ಅಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಹೋಟೆಲಿನವರು ಹಾಗೆ ಮಾಡಿಕೊಡಲು ಆಗಲ್ಲ ಅಂದರೆ ‘ವೀಗನ್’ ಮೆನು ಕೇಳಿ. ಅದರಲ್ಲಿ ಮೊಟ್ಟೆ, ಜೆಲಟಿನ್ ಎರಡೂ ಇರಲ್ಲ. ಆದರೆ ಹಾಲು, ಬೆಣ್ಣೆ, ಕೆನೆಯೂ ಇರಲ್ಲ. ಬದಲಿಗೆ ಸೋಯಾ, ತೆಂಗು, ಓಟ್ಸ್‌ನಿಂದ ಮಾಡಿದ್ದು ಬರುತ್ತೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಅದನ್ನೂ ಬರೆಯಿರಿ. ಚಟ್ನಿ, ಸಾಸ್‌ಗಳಲ್ಲಿ ಇರುತ್ತೆ.

ಶೇಂಗಾ, ಗೋಡಂಬಿ, ಎಳ್ಳು ಮುಂತಾದ ಅಲರ್ಜಿ ಇದ್ದರೆ ಸಂಕೋಚ ಬೇಡ. ಅಲ್ಲಿನ ಕಾನೂನಿನ ಪ್ರಕಾರ 14 ಬಗೆಯ ಅಲರ್ಜಿ ಪದಾರ್ಥಗಳು ಯಾವ ತಿಂಡಿಯಲ್ಲಿವೆ ಅನ್ನುವುದನ್ನು ಹೋಟೆಲಿನವರು ತಿಳಿಸಲೇಬೇಕು. ಮೊಟ್ಟೆ, ಹಾಲು, ಮೀನು ಈ ಪಟ್ಟಿಯಲ್ಲಿವೆ. ಜೆಲಟಿನ್ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ಬುಕ್ಕಿಂಗ್, ಉಡುಪು

ಹೆಸರಾದ ಹೋಟೆಲುಗಳಲ್ಲಿ ನೇರ ಹೋದರೆ ಜಾಗ ಸಿಗೋದು ಕಷ್ಟ. ಶನಿವಾರ, ಭಾನುವಾರ, ಕ್ರಿಸ್‌ಮಸ್ ಸಮಯದಲ್ಲಂತೂ ವಾರಗಟ್ಟಲೆ ಮುಂಚೆ ಬುಕ್ ಮಾಡಬೇಕು. ಕಾರ್ಡ್ ವಿವರ ತಗೊಳ್ಳುತ್ತಾರೆ. ಹೇಳದೆ ಹೋಗದಿದ್ದರೆ ಅಥವಾ ತಡವಾಗಿ ರದ್ದು ಮಾಡಿದರೆ ದುಡ್ಡು ಹಿಡಿಯಬಹುದು. ಎಷ್ಟು ಗಂಟೆ ಮುಂಚೆ ರದ್ದು ಮಾಡಬಹುದು ಅನ್ನೋದನ್ನು ಓದಿಕೊಂಡು ಬುಕ್ ಮಾಡಿ. ವಾರದ ನಡುವೆ ಹೋದರೆ ಜಾಗ ಬೇಗ ಸಿಗುತ್ತೆ.

ಸಮಯಕ್ಕೆ ಸರಿಯಾಗಿ ಹೋಗಬೇಕು. ನಿಮ್ಮ ಹಿಂದೆ ಇನ್ನೊಂದು ಪಾಳಿ ಇರುತ್ತೆ. ಅರ್ಧ ಗಂಟೆ ತಡವಾದರೆ ಆ ಅರ್ಧ ಗಂಟೆ ನಿಮ್ಮದೇ ಹೋಯಿತು.

ಉಡುಪಿನ ನಿಯಮ ಹೋಟೆಲಿಂದ ಹೋಟೆಲಿಗೆ ಬೇರೆ. ರಿಟ್ಜ್‌ನಲ್ಲಿ ಗಂಡಸರಿಗೆ ಕೋಟು-ಟೈ ಇರಬೇಕೆಂಬ ಹಳೆಯ ಪದ್ಧತಿ, ಜೀನ್ಸ್ ಮತ್ತು ಸ್ಪೋರ್ಟ್ಸ್ ಶೂಗೆ ಅವಕಾಶವಿಲ್ಲ ಅನ್ನುವ ನಿಯಮ ಹೆಸರುವಾಸಿ. ಬೇರೆ ಕಡೆ ಇಷ್ಟು ಬಿಗಿ ಇಲ್ಲ. ಒಳ್ಳೆಯ ಶರ್ಟು, ಪ್ಯಾಂಟು, ಚರ್ಮದ ಶೂ ಸಾಕು. ಹೆಣ್ಣುಮಕ್ಕಳು ಸೀರೆ, ಸಲ್ವಾರ್ ಉಟ್ಟು ಹೋದರೆ ಅದಕ್ಕಿಂತ ಗೌರವದ ಉಡುಪು ಬೇರೆ ಬೇಕಿಲ್ಲ. ಅಮ್ಮನಿಗೆ “ಪ್ಯಾಂಟ್ ಹಾಕ್ಕೋ” ಅಂತ ಬಲವಂತ ಮಾಡುವ ಅಗತ್ಯವೇ ಇಲ್ಲ. ಹವಾಯಿ ಚಪ್ಪಲಿ, ನಿಕ್ಕರು ಮಾತ್ರ ಬೇಡ.

ಟೀ ಆರಿಸೋದು, ಕುಡಿಯೋದು

ಮೆನುವಿನಲ್ಲಿ ಹತ್ತಾರು ಟೀ ಹೆಸರು ಇರುತ್ತೆ. ನಮ್ಮ ಟೀ ಹಾಲು, ಸಕ್ಕರೆ, ಸೊಪ್ಪು ಕೂಡಿ ಕುದಿಸಿದ್ದು. ಅಲ್ಲಿ ಕುದಿಸಲ್ಲ. ಬಿಸಿ ನೀರಲ್ಲಿ 3-4 ನಿಮಿಷ ನೆನೆಸಿ ಸೋಸುವುದು. ಆದ್ದರಿಂದ ಮೊದಲ ಗುಟುಕು ನಮಗೆ ಚಪ್ಪೆ ಅನ್ನಿಸುತ್ತೆ. ಕಡಕ್ ಬೇಕಿದ್ದರೆ ಅಸ್ಸಾಮ್ ಅಥವಾ ‘ಇಂಗ್ಲಿಷ್ ಬ್ರೇಕ್‌ಫಾಸ್ಟ್’ ಹೇಳಿ. ಇವೆರಡಕ್ಕೂ ಹಾಲು ಹೊಂದುತ್ತೆ. ಡಾರ್ಜಿಲಿಂಗ್ ಹಗುರ, ಹಾಲಿಲ್ಲದೆಯೇ ರುಚಿ. ‘ಅರ್ಲ್ ಗ್ರೇ’ಯಲ್ಲಿ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯ ಪರಿಮಳ. ‘ಲಾಪ್ಸಂಗ್ ಸೂಚಾಂಗ್’ ಚೀನಾದ್ದು, ಸೌದೆ ಹೊಗೆಯ ವಾಸನೆ. ಅಭ್ಯಾಸ ಇಲ್ಲದವರಿಗೆ ಹಿಡಿಸೋದು ಅನುಮಾನ.

ಪ್ರತಿಯೊಬ್ಬರಿಗೂ ಒಂದು ಕೆಟಲ್, ಸೋಸಣಿಗೆ, ತಣ್ಣನೆ ಹಾಲಿನ ಸಣ್ಣ ಜಗ್, ಸಕ್ಕರೆ ತುಂಡು ಬರುತ್ತೆ. ಸಿಹಿ ನಿಮ್ಮಿಷ್ಟ. ಹಾಲು ಮತ್ತು ನಿಂಬೆ ಎರಡನ್ನೂ ಹಾಕಬೇಡಿ, ಒಡೆಯುತ್ತೆ. ಟೀ ಗಟ್ಟಿಯಾದರೆ ಬಿಸಿ ನೀರು ಕೇಳಿ.

ಕೂತಾಗ ಹೇಗೆ?

ಹೆದರಬೇಕಾದ್ದು ಏನೂ ಇಲ್ಲ. ಸ್ಯಾಂಡ್‌ವಿಚ್ ಕೈಯಲ್ಲೇ ತಿನ್ನುವುದು. ಸ್ಕಾನನ್ನು ಕೈಯಿಂದಲೇ ಎರಡು ಹೋಳು ಮಾಡಿ, ಕೆನೆ-ಜಾಮ್ ಹಚ್ಚಲು ಮಾತ್ರ ಚಾಕು. ಎರಡು ಹೋಳನ್ನು ಮತ್ತೆ ಸೇರಿಸಿ ಸ್ಯಾಂಡ್‌ವಿಚ್ ಥರ ಮಾಡಬೇಡಿ, ಬೇರೆ ಬೇರೆಯಾಗಿ ತಿನ್ನಿ. ಕಿರುಬೆರಳು ಎತ್ತಿ ಕಪ್ ಹಿಡಿಯುವುದು ಸಿನಿಮಾ ಶೋಕಿ. ನಿಜವಾಗಿ ಅದನ್ನು ಒಳ್ಳೆ ನಡತೆ ಅಂತ ಯಾರೂ ಅನ್ನಲ್ಲ. ಟೀಯಲ್ಲಿ ಅದ್ದಿ ತಿನ್ನುವುದು ಮನೆಯಲ್ಲಿ ನಡೆಯುತ್ತೆ, ಹೋಟೆಲಲ್ಲಿ ಬೇಡ. ಬಡಿಸುವವರನ್ನು ಕೂಗಿ ಕರೆಯದೆ, ಅವರ ಕಡೆ ನೋಡಿ ಸ್ವಲ್ಪ ಕೈ ಎತ್ತಿದರೆ ಸಾಕು.

ಕೆನೆ ಮೊದಲೋ, ಜಾಮ್ ಮೊದಲೋ ಅಂತ ಅಲ್ಲೊಂದು ಹಳೆಯ ಜಗಳ. ಡೆವನ್ ಸೀಮೆಯವರು ಕೆನೆ ಹಚ್ಚಿ ಮೇಲೆ ಜಾಮ್ ಹಾಕುತ್ತಾರೆ. ಪಕ್ಕದ ಕಾರ್ನ್‌ವಾಲ್‌ನವರು ಜಾಮ್ ಮೊದಲು, ಕೆನೆ ಆಮೇಲೆ. ಮುದ್ದೆ-ರೊಟ್ಟಿ ಜಗಳದ ಹಾಗೆ, ತೀರ್ಪು ಬರುವಂಥದ್ದಲ್ಲ. ನಿಮಗೆ ಹೇಗೆ ಬೇಕೋ ಹಾಗೆ ತಿನ್ನಿ.

ಇಷ್ಟು ದುಡ್ಡು ಬೇಡ ಅನ್ನುವವರಿಗೆ

‘ಕ್ರೀಮ್ ಟೀ’ ಅಂತ ಕೇಳಿ. ಸ್ಕಾನ್, ಜಾಮ್, ಕೆನೆ, ಒಂದು ಕೆಟಲ್ ಟೀ ಅಷ್ಟೇ. ಸಾಧಾರಣ ಟೀ ಅಂಗಡಿಗಳಲ್ಲಿ ಹೋಟೆಲಿನ ದರದ ಕಾಲು ಭಾಗವೂ ಆಗಲ್ಲ. ಸಣ್ಣ ಊರುಗಳಲ್ಲಿ ಇನ್ನೂ ಅಗ್ಗ. ಯಾರ್ಕ್‌ಷೈರಿನ ಹ್ಯಾರೊಗೇಟ್‌ನಲ್ಲಿ 1919ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಒಬ್ಬ ಬೇಕರಿಯವನು ಶುರು ಮಾಡಿದ ‘ಬೆಟ್ಟೀಸ್’ ಅಂಗಡಿ ಮುಂದೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ.

ಲಂಡನ್ನಿನಲ್ಲೇ ಆದರೆ ಕನ್ನಡಿಗರಿಗೆ ಹೇಳಿ ಮಾಡಿಸಿದಂಥ ಜಾಗ ಒಂದಿದೆ, ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ ಗೊಂಬೆ ಇರುವುದು ಇಲ್ಲೇ. ಮ್ಯೂಸಿಯಂ ಪ್ರವೇಶ ಉಚಿತ. ಒಳಗೆ ವಿಕ್ಟೋರಿಯಾ ಕಾಲದ ಬಣ್ಣದ ಹೆಂಚು, ಚಿತ್ರಗಳಿಂದ ಅಲಂಕರಿಸಿದ ಹಳೆಯ ಉಪಾಹಾರ ಕೋಣೆಗಳಿವೆ. ಜಗತ್ತಿನ ಮೊದಲ ಮ್ಯೂಸಿಯಂ ಕೆಫೆ ನಮ್ಮದೇ ಅಂತ ಅವರು ಹೇಳಿಕೊಳ್ಳುತ್ತಾರೆ. ಅಲ್ಲಿ ಟೀ, ಸ್ಕಾನ್ ತಗೊಂಡು ಕೂತರೆ ಅರಮನೆಯಂಥ ಕೋಣೆ, ಕೈಗೆಟುಕುವ ಬಿಲ್ಲು ಎರಡೂ ಸಿಗುತ್ತೆ. ಬುಕ್ಕಿಂಗ್, ಟೈ ಯಾವುದರ ಗೊಡವೆಯೂ ಇಲ್ಲ.

ಹೋಟೆಲ್, ಬೇಕರಿಯವರಿಗೆ ಇದರಲ್ಲಿ ಏನಿದೆ?

ಮೇಜಿನ ಮೇಲೆ ಬರುವ ಸಾಮಾನು ನೋಡಿ. ಬ್ರೆಡ್ಡು, ಸೌತೆಕಾಯಿ, ಮೈದಾ, ಬೆಣ್ಣೆ, ಸಕ್ಕರೆ, ಒಂದು ಚಿಟಿಕೆ ಚಹಾ ಸೊಪ್ಪು. 80 ಪೌಂಡ್ ಬರುವುದು ಇದಕ್ಕಲ್ಲ. ಕೂರುವ ಜಾಗ, ಸಮಯ, ಬಡಿಸುವ ಜನ, ಪಿಯಾನೋ, ಬೆಳ್ಳಿ ಪಾತ್ರೆ, ಹೆಸರು ಇವಕ್ಕೆ. ರಿಟ್ಜ್‌ನಲ್ಲಿ ಬೆಳಗ್ಗೆ 11.30ರಿಂದ ರಾತ್ರಿ 7.30ರ ತನಕ ಎರಡೆರಡು ಗಂಟೆಗೆ ಒಂದರಂತೆ ದಿನಕ್ಕೆ ಐದು ಪಾಳಿ ಕೂರಿಸುತ್ತಾರೆ. ಹೆಸರಿಗೆ ಮಧ್ಯಾಹ್ನದ ಟೀ, ವ್ಯಾಪಾರ ಇಡೀ ದಿನದ್ದು. ಊಟಕ್ಕೂ ಊಟಕ್ಕೂ ನಡುವೆ ಖಾಲಿ ಬೀಳುವ ಹೊತ್ತನ್ನೇ ಹೆಚ್ಚು ಆದಾಯದ ಹೊತ್ತು ಮಾಡಿಕೊಂಡಿದ್ದಾರೆ. ಮುಂಗಡ ಬುಕ್ಕಿಂಗ್ ಇರುವುದರಿಂದ ಎಷ್ಟು ಜನ, ಏನು ಬೇಕು ಅನ್ನುವುದು ಹಿಂದಿನ ದಿನವೇ ಗೊತ್ತು. ಅಂದಾಜಿಗೆ ಮಾಡಿ ಬಿಸಾಡುವುದು ಕಮ್ಮಿ.

ಇದು ಒಂದು ದಾರಿ. ಅದೇ ಊರಲ್ಲಿ ಇದರ ತದ್ವಿರುದ್ಧ ದಾರಿ ಹಿಡಿದು ಗೆದ್ದವರೂ ಇದ್ದಾರೆ. 1864ರಲ್ಲಿ ಏರೇಟೆಡ್ ಬ್ರೆಡ್ ಕಂಪನಿ ಎಂಬ ಬ್ರೆಡ್ ತಯಾರಕರು ಅಂಗಡಿಯಲ್ಲೇ ಟೀ ಕೊಡಲು ಶುರು ಮಾಡಿದರು. 1894ರಲ್ಲಿ ಲಯನ್ಸ್ ಕಂಪನಿ ಪಿಕಡಿಲಿ ರಸ್ತೆಯಲ್ಲಿ ಮೊದಲ ಟೀ ಅಂಗಡಿ ತೆರೆಯಿತು. ಸ್ವಚ್ಛ ಜಾಗ, ಕಮ್ಮಿ ದರ, ಎಲ್ಲ ಶಾಖೆಯಲ್ಲೂ ಒಂದೇ ರುಚಿ. ನಮ್ಮ ದರ್ಶಿನಿಗಳ ಲೆಕ್ಕವೇ. ಗುಮಾಸ್ತರು, ಅಂಗಡಿ ಕೆಲಸದ ಹೆಣ್ಣುಮಕ್ಕಳು ಗಿರಾಕಿಗಳಾದರು. ಆ ಕಾಲದಲ್ಲಿ ಗಂಡಸರ ಜೊತೆಯಿಲ್ಲದೆ ಹೆಣ್ಣುಮಕ್ಕಳು ಹೊರಗೆ ಕೂತು ಒಂದು ಕಪ್ ಟೀ ಕುಡಿಯಲು ಮರ್ಯಾದೆಯ ಜಾಗವೇ ಕಮ್ಮಿ ಇತ್ತು. ಟೀ ಅಂಗಡಿಗಳು ಆ ಜಾಗ ಕೊಟ್ಟವು, ವ್ಯಾಪಾರವೂ ಅದರಿಂದಲೇ ಬೆಳೆಯಿತು.

ಸಾವಿರಾರು ಸಣ್ಣ ಸಣ್ಣ ಬಿಲ್ಲಿನ ಲೆಕ್ಕ ಇಡುವುದೇ ಲಯನ್ಸ್‌ಗೆ ತಲೆನೋವಾಗಿತ್ತು. ಅದಕ್ಕೆ ಅವರು ತಾವೇ ‘ಲಿಯೋ’ ಎಂಬ ಕಂಪ್ಯೂಟರ್ ಕಟ್ಟಿದರು. 1951ರಲ್ಲಿ ಅದು ಮಾಡಿದ ಮೊದಲ ನಿತ್ಯದ ಕೆಲಸ ಬೇಕರಿ ಉತ್ಪನ್ನಗಳ ಲೆಕ್ಕ. ವ್ಯಾಪಾರದ ಲೆಕ್ಕಕ್ಕೆ ಬಳಸಿದ ಜಗತ್ತಿನ ಮೊದಲ ಕಂಪ್ಯೂಟರ್ ಎಂಬ ಹೆಸರು ಅದಕ್ಕಿದೆ. ಬನ್ನಿನಲ್ಲಿ ಎಷ್ಟು ಉಳಿಯಿತು, ಕೇಕಿನಲ್ಲಿ ಎಷ್ಟು ಉಳಿಯಿತು ಅಂತ ಬೇರೆ ಬೇರೆ ಗೊತ್ತಿರಬೇಕು ಅನ್ನುವ ಹಟದಿಂದ ಆಗಿದ್ದು ಅದು. ಗಲ್ಲಾಪೆಟ್ಟಿಗೆಯ ಮೊತ್ತ ನೋಡಿ ಸುಮ್ಮನಾಗುವವರು ಇದನ್ನು ಯೋಚಿಸಬೇಕು.

ಹೋಗಬೇಕಾ, ಬೇಡವಾ?

ಮಕ್ಕಳ ಪದವಿ ಪ್ರದಾನ, ಅಪ್ಪ-ಅಮ್ಮನ ಮದುವೆ ವಾರ್ಷಿಕೋತ್ಸವ ಇಂಥ ದಿನಕ್ಕೆ ಜೀವನದಲ್ಲಿ ಒಮ್ಮೆ ಅಂತ ಹೋಗುವುದಾದರೆ ಹೋಗಿ, ಖುಷಿಯಿಂದ ಕೂತು ಬನ್ನಿ. ಸಾಲದ ಕಂತು ಕಟ್ಟುತ್ತಾ ಓದುತ್ತಿರುವ ಮಗ ಅಥವಾ ಮಗಳು ಸಂಕೋಚಕ್ಕೆ ಕರೆದುಕೊಂಡು ಹೋಗುತ್ತಿದ್ದರೆ, “ಬೇಡಪ್ಪ, ಮ್ಯೂಸಿಯಂ ಹತ್ರ ಸ್ಕಾನ್ ತಿನ್ನೋಣ” ಅಂತ ಹಿರಿಯರೇ ಮೊದಲು ಹೇಳಿದರೆ ಒಳ್ಳೆಯದು. 40 ಸಾವಿರ ರೂಪಾಯಿ ಅಂದ್ರೆ ಅಲ್ಲಿ ಓದುವ ಹುಡುಗರಿಗೆ ಸಣ್ಣ ಮೊತ್ತವಲ್ಲ.

ಹೋಗುವುದೇ ಆದರೆ ಇಷ್ಟು ನೆನಪಿಡಿ:

• ಮುಂಚೆಯೇ ಬುಕ್ ಮಾಡಿ, ರದ್ದತಿ ನಿಯಮ ಓದಿ.
• ಮೊಟ್ಟೆ, ಜೆಲಟಿನ್, ಮದ್ಯ, ಅಲರ್ಜಿ ವಿಷಯ ಬುಕ್ಕಿಂಗಿನಲ್ಲೇ ಬರೆಯಿರಿ. ಕೂತ ಮೇಲೆ ಇನ್ನೊಮ್ಮೆ ಹೇಳಿ.
• ಮಧ್ಯಾಹ್ನದ ಊಟ ಬಿಟ್ಟು ಹೋಗಿ.
• ಉಡುಪಿನ ನಿಯಮ ನೋಡಿಕೊಳ್ಳಿ.
• ಟ್ಯಾಪ್ ವಾಟರ್ ಕೇಳಿ.
• ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ ಅಂತ ನೋಡಿ ಆಮೇಲೆ ದುಡ್ಡು ಕೊಡಿ.